ಸೋಮವಾರ 9:20ರ ಕಾಲ್

"ಪಾಸ್‌ವರ್ಡ್ ಮರೆತುಹೋಗಿದೆ ಸರ್, ಶನಿವಾರ ಫೋನೂ ಬದಲಾಯಿಸಿದೆ, ಹತ್ತು ಗಂಟೆಗೆ ಮೀಟಿಂಗ್ ಇದೆ. ಬೇಗ ಒಂದು ರೀಸೆಟ್ ಮಾಡಿಕೊಡಿ."

ಕಂಪನಿಯ ನೌಕರರ ಕಂಪ್ಯೂಟರ್ ತೊಂದರೆ ನೋಡುವ ಹೆಲ್ಪ್‌ಡೆಸ್ಕನ್ನು ಮನೆಯಿಂದ ನಡೆಸುವ ತಂಡಕ್ಕೆ ಸೋಮವಾರ ಬೆಳಗಿನ ಮೊದಲ ಕಾಲ್ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಮರೆವು, ಹೊಸ ಫೋನ್, ಅವಸರ ಎಲ್ಲ ಒಂದೇ ಉಸಿರಿನಲ್ಲಿ. ಮೂರೂ ನಿಜವೇ ಇರಬಹುದು. ಆದರೆ ಇನ್ನೊಬ್ಬರ ಖಾತೆಗೆ ಕೈಹಾಕಲು ಹೊರಟವನೂ ಇದೇ ಮೂರು ಮಾತನ್ನು ಇದೇ ದನಿಯಲ್ಲಿ ಹೇಳುತ್ತಾನೆ. ಕಚೇರಿಯಲ್ಲಾಗಿದ್ದರೆ ಮನುಷ್ಯ ಎದುರು ಬಂದು ನಿಲ್ಲುತ್ತಿದ್ದ. ಇಲ್ಲಿ ಇರುವುದು ಹೆಡ್‌ಫೋನಿನೊಳಗಿನ ದನಿಯೊಂದೇ.

ರೀಸೆಟ್ ಬಟನ್ ಒತ್ತಲು ಹತ್ತು ಸೆಕೆಂಡ್ ಸಾಕು. ಕೆಲಸವೆಲ್ಲ ಇರುವುದು ಅದರ ಹಿಂದೆ ಮತ್ತು ಮುಂದೆ.

ಮೊದಲು ಹಿಂದಿನದು. ಹುಟ್ಟಿದ ದಿನಾಂಕ, ಉದ್ಯೋಗಿ ಸಂಖ್ಯೆ, ಮ್ಯಾನೇಜರ್ ಹೆಸರು ಕೇಳಿ ರೀಸೆಟ್ ಮಾಡುವ ಪದ್ಧತಿ ಇನ್ನೂ ಎಷ್ಟೋ ಕಡೆ ಇದೆ. ಇವುಗಳಲ್ಲಿ ಒಂದೂ ಗುಟ್ಟಲ್ಲ. ಮ್ಯಾನೇಜರ್ ಯಾರು ಎಂಬುದು ಲಿಂಕ್ಡ್‌ಇನ್ ನೋಡಿದರೆ ತಿಳಿಯುತ್ತದೆ, ಉಳಿದದ್ದು ಹಿಂದೆಂದೋ ಸೋರಿಹೋದ ಯಾವುದೋ ಪಟ್ಟಿಯಲ್ಲಿ ಸಿಗುತ್ತದೆ. ನಿಮ್ಮ ಮೊದಲ ಸಾಕುಪ್ರಾಣಿಯ ಹೆಸರೇನು ಎಂಬಂಥ ಪ್ರಶ್ನೆಗಳು ಬೇಡವೆಂದು ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2017ರ ತನ್ನ 800-63ಬಿ ಮಾರ್ಗಸೂಚಿಯಲ್ಲೇ ಹೇಳಿದೆ. ಪರದೆಯ ಮೇಲೆ ಕಾಣುವ ನಂಬರನ್ನೂ ನಂಬುವಂತಿಲ್ಲ. ಯಾರ ನಂಬರಿನಿಂದ ಬೇಕಾದರೂ ಕಾಲ್ ಬಂದಂತೆ ತೋರಿಸಬಹುದು.

ಆದ್ದರಿಂದ ಈ ಕಾಲ್‌ಗೆ ಕೊಡುವ ಮೊದಲ ಉತ್ತರ: "ಟಿಕೆಟ್ ತೆರೆದಿದ್ದೇನೆ ಸರ್. ಎಚ್‌ಆರ್ ದಾಖಲೆಯಲ್ಲಿರುವ ನಿಮ್ಮ ನಂಬರಿಗೆ ನಾನೇ ಮಾಡ್ತೀನಿ, ಈಗ ಇಡಿ." (ಟಿಕೆಟ್ ಎಂದರೆ ಆ ದೂರಿನ ದಾಖಲೆ.) ಯಾವ ನಂಬರ್ ಎಂದು ಬಾಯಿಬಿಟ್ಟು ಹೇಳುವುದಿಲ್ಲ, ಅವರು ಕೊಡುವ ಬೇರೆ ನಂಬರನ್ನು ಬರೆದುಕೊಳ್ಳುವುದೂ ಇಲ್ಲ. ಡಯಲ್ ಮಾಡುವ ಮುನ್ನ ನೋಡಬೇಕಾದ್ದು ಒಂದಿದೆ, ಬಹಳ ಜನ ಬಿಡುವುದೂ ಅದನ್ನೇ: ದಾಖಲೆಯಲ್ಲಿ ಆ ನಂಬರ್ ಕೊನೆಯ ಸಲ ಬದಲಾದದ್ದು ಯಾವಾಗ? ಕಳೆದ ಕೆಲವು ದಿನಗಳಲ್ಲಿ ಬದಲಾಗಿದ್ದರೆ ಕಾಲ್‌ಬ್ಯಾಕ್‌ಗೆ ಬೆಲೆಯಿಲ್ಲ, ಬೇರೆ ದಾರಿ ಹಿಡಿಯಬೇಕು. ಇನ್ನು, ಆ ನಂಬರನ್ನು ತಿದ್ದುವ ಅಧಿಕಾರ ಹೆಲ್ಪ್‌ಡೆಸ್ಕಿಗೇ ಇದ್ದರೆ ಇಡೀ ವ್ಯವಸ್ಥೆ ಟೊಳ್ಳು. ಒಂದು ಕಾಲ್‌ನಲ್ಲಿ ನಂಬರ್ ಬದಲಾಯಿಸಿಕೊಂಡು ಮುಂದಿನ ಕಾಲ್‌ನಲ್ಲಿ ರೀಸೆಟ್ ಪಡೆಯುತ್ತಾರೆ.

ಕಾಲ್‌ಬ್ಯಾಕ್‌ಗೆ ಅವರೇ ಎತ್ತಿದರು ಎಂದುಕೊಳ್ಳಿ. ಬರೀ ಪಾಸ್‌ವರ್ಡ್ ಮರೆತದ್ದಾಗಿದ್ದರೆ ಗುರುತು ಖಾತ್ರಿಪಡಿಸುವ ಅವರ ಅಥೆಂಟಿಕೇಟರ್ ಆ್ಯಪ್‌ಗೆ ಒಂದು ಪುಶ್ (ಒಪ್ಪಿಗೆ ಕೇಳುವ ಸಂದೇಶ) ಕಳಿಸಿ ಮುಂದುವರಿಯಬಹುದಿತ್ತು. ಪುಶ್ ಕಳಿಸುವಾಗಲೂ ನಮ್ಮ ಪರದೆಯಲ್ಲಿ ಕಾಣುವ ಸಂಖ್ಯೆಯನ್ನು ನಾವು ಹೇಳಬೇಕು, ಅವರು ತಮ್ಮ ಆ್ಯಪ್‌ನಲ್ಲಿ ಒತ್ತಬೇಕು. ಇದನ್ನು ಉಲ್ಟಾ ಮಾಡಿ "ನಿಮಗೊಂದು ಒಟಿಪಿ ಬಂತಲ್ಲ, ಓದಿ ಹೇಳಿ" ಎಂದರೆ ಅಂದಿನ ಕೆಲಸವೇನೋ ಆಗುತ್ತದೆ, ಆದರೆ ಹೆಲ್ಪ್‌ಡೆಸ್ಕ್ ಎಂದು ಹೇಳಿಕೊಂಡು ಯಾರೇ ಕಾಲ್ ಮಾಡಿದರೂ ಒಟಿಪಿ ಓದಬಹುದು ಎಂದು ಆ ಉದ್ಯೋಗಿಗೆ ನಾವೇ ಪಾಠ ಮಾಡಿದಂತಾಯಿತು. 2020ರ ಜುಲೈನಲ್ಲಿ ಟ್ವಿಟರ್‌ಗೆ ನುಗ್ಗಿದವರು ಹಿಡಿದದ್ದು ಇಂಥದೇ ದಾರಿ: ಮನೆಯಿಂದ ಕೆಲಸ ಮಾಡುತ್ತಿದ್ದ ನೌಕರರಿಗೆ ಕಂಪನಿಯ ಹೆಲ್ಪ್‌ಡೆಸ್ಕಿನವರಂತೆ ಕಾಲ್ ಮಾಡಿ, ವಿಪಿಎನ್ (ದೂರದಿಂದ ಕಚೇರಿಯ ನೆಟ್‌ವರ್ಕಿಗೆ ಸೇರುವ ದಾರಿ) ತೊಂದರೆ ಸರಿಮಾಡುವ ನೆಪದಲ್ಲಿ ನಕಲಿ ಪುಟಕ್ಕೆ ಕರೆದೊಯ್ದರು. 130 ಖಾತೆಗಳಿಗೆ ಗುರಿಯಿಟ್ಟರು.

ಈ ಕಾಲ್‌ನಲ್ಲಿ ಫೋನೇ ಹೊಸದು, ಆ್ಯಪ್ ಇಲ್ಲ. ಹಾಗಾಗಿ ಕೇಳಿದ್ದು ಪಾಸ್‌ವರ್ಡ್ ರೀಸೆಟ್ ಒಂದೇ ಆದರೂ, ಆಗಬೇಕಾದ್ದು ಎಂಎಫ್‌ಎ, ಅಂದರೆ ಪಾಸ್‌ವರ್ಡ್ ಜೊತೆ ಕೇಳುವ ಎರಡನೆಯ ಗುರುತಿನ ರೀಸೆಟ್ ಕೂಡ. ಎರಡೂ ಒಟ್ಟಿಗೆ ಕೊಡುವುದೆಂದರೆ ಬೀಗದ ಜೊತೆ ಬಾಗಿಲನ್ನೂ ಬಿಚ್ಚಿಕೊಟ್ಟಂತೆ. ಇನ್ನೊಬ್ಬರ ನಂಬರಿನ ಸಿಮ್ ಅನ್ನೇ ಕಳ್ಳರು ತಮ್ಮ ಕೈಗೆ ಪಡೆದುಕೊಳ್ಳುವ ಕಾಲದಲ್ಲಿ ಕಾಲ್‌ಬ್ಯಾಕ್ ಒಂದನ್ನೇ ನಂಬಿ ಇದನ್ನು ಮಾಡಬಾರದು. ನಮ್ಮದೇ ಎರಡನೆಯ ಏಜೆಂಟ್ ಒಬ್ಬರ ಒಪ್ಪಿಗೆಯ ಜೊತೆ ಮ್ಯಾನೇಜರ್ ಒಪ್ಪಿಗೆಯೂ ಬೇಕು. ಮ್ಯಾನೇಜರ್ ಯಾರೆಂದು ಡೈರೆಕ್ಟರಿಯಲ್ಲಿ ನೋಡಿ, ಅಲ್ಲಿನ ನಂಬರಿಗೆ ನಾವೇ ಕಾಲ್ ಮಾಡಬೇಕು. "ಇರಿ, ನಮ್ಮ ಮ್ಯಾನೇಜರ್ ಲೈನಿನಲ್ಲೇ ಇದ್ದಾರೆ, ಮಾತಾಡಿ" ಎಂದು ಅವರು ಯಾರನ್ನೋ ಸೇರಿಸಿದರೆ ಅದು ಲೆಕ್ಕಕ್ಕಿಲ್ಲ. ಚಾಟ್‌ನಲ್ಲಿ ಬಂದ "ಓಕೆ, ಅಪ್ರೂವ್ಡ್" ಕೂಡ ಸಾಲದು, ಆ ಖಾತೆ ಯಾರ ಕೈಯಲ್ಲಿದೆಯೋ ಯಾರಿಗೆ ಗೊತ್ತು. ಮ್ಯಾನೇಜರ್ ಅಥವಾ ಎಚ್‌ಆರ್‌ನವರು ವಿಡಿಯೋದಲ್ಲಿ ಮುಖ ನೋಡಿ ಗುರುತಿಸುವುದು ಒಳ್ಳೆಯದೇ. ಆದರೆ ಮುಖವನ್ನೂ ದನಿಯನ್ನೂ ನಕಲು ಮಾಡುವ ತಂತ್ರ ಅಗ್ಗವಾಗಿರುವುದರಿಂದ ಅದನ್ನು ಎರಡನೆಯ ಸಾಕ್ಷಿಯಾಗಿ ಇಟ್ಟುಕೊಳ್ಳಬೇಕೇ ಹೊರತು ಮೊದಲನೆಯದಾಗಿ ಅಲ್ಲ.

ಇಷ್ಟಕ್ಕೆ ಹನ್ನೆರಡು ನಿಮಿಷವಾದರೂ ಬೇಕು. ಏಜೆಂಟನ ಕಾಲ್ ಆರು ನಿಮಿಷದೊಳಗೆ ಮುಗಿಯಬೇಕೆಂದು ಗುರಿಯಿಟ್ಟ ಕಡೆ ಮೇಲಿನ ಯಾವ ನಿಯಮವೂ ಬದುಕುವುದಿಲ್ಲ. ಗಡಿಯಾರ ನೋಡುವ ಏಜೆಂಟ್ ಕಾಲ್‌ಬ್ಯಾಕ್ ಮಾಡದೆಯೇ "ವೆರಿಫೈಡ್" ಎಂದು ಟಿಕ್ ಹಾಕುತ್ತಾನೆ, ತಪ್ಪು ಅವನದಲ್ಲ. ಗುರುತು ಪರಿಶೀಲನೆಯ ಟಿಕೆಟ್‌ಗಳನ್ನು ಆ ಲೆಕ್ಕದಿಂದಲೇ ಹೊರಗಿಡಬೇಕು. 2023ರ ಸೆಪ್ಟೆಂಬರಿನಲ್ಲಿ ಅಮೆರಿಕದ ಹೋಟೆಲ್-ಕ್ಯಾಸಿನೊ ಕಂಪನಿ ಎಂಜಿಎಂ ರೆಸಾರ್ಟ್ಸ್ ಮೇಲಾದ ದಾಳಿಯಿಂದ ಬಿದ್ದ ಹೊಡೆತವನ್ನು ಆ ಕಂಪನಿಯೇ ಸುಮಾರು 10 ಕೋಟಿ ಡಾಲರ್ ಎಂದು ಅಂದಾಜಿಸಿತು. ಅದು ಹೆಲ್ಪ್‌ಡೆಸ್ಕಿಗೆ ಮಾಡಿದ ಒಂದು ಫೋನ್ ಕಾಲ್‌ನಿಂದ ಶುರುವಾಯಿತೆಂದು ಆಗ ಎಲ್ಲೆಡೆ ವರದಿಯಾಗಿತ್ತು. ಆರು ನಿಮಿಷ ಉಳಿಸುವ ಮಾತು ಬಂದಾಗಲೆಲ್ಲ ಈ ಅಂಕಿಯನ್ನು ಮೇಜಿನ ಮೇಲಿಡಬಹುದು.

ಗುರುತು ಸಿಕ್ಕಿತು. ಕಂಪನಿಯ ಖಾತೆಗಳನ್ನೆಲ್ಲ ಇಡುವ ಆಕ್ಟಿವ್ ಡೈರೆಕ್ಟರಿಯಲ್ಲಿ ಖಾತೆ ತೆರೆದು ರೀಸೆಟ್ ಒತ್ತಿದರೆ ಕೆಲವೊಮ್ಮೆ "ಆಕ್ಸೆಸ್ ಈಸ್ ಡಿನೈಡ್" ಬರುತ್ತದೆ. ಅಡ್ಮಿನ್ ಖಾತೆಯಾಗಿದ್ದರೆ ಅದು ಸರಿಯೇ, ಅಂಥ ಖಾತೆಯನ್ನು ಮೊದಲ ಹಂತದ ಹೆಲ್ಪ್‌ಡೆಸ್ಕ್ ಮುಟ್ಟಬಾರದು. ಸಾಮಾನ್ಯ ಉದ್ಯೋಗಿಯ ಖಾತೆಗೂ ಹೀಗೆ ಬಂದರೆ, ಅವರು ಹಿಂದೊಮ್ಮೆ ಯಾವುದೋ ಅಡ್ಮಿನ್ ಗುಂಪಿನಲ್ಲಿದ್ದಿರಬೇಕು. ಗುಂಪಿನಿಂದ ತೆಗೆದರೂ ಅಡ್ಮಿನ್‌ಕೌಂಟ್ ಎಂಬ ಗುಣ 1 ಆಗಿಯೇ ಉಳಿದು, ಮೇಲಿನಿಂದ ಇಳಿದುಬರಬೇಕಾದ ಅನುಮತಿಗಳು ನಿಂತುಹೋಗಿರುತ್ತವೆ. ಅದನ್ನು ಸರಿಪಡಿಸಲು ಡೈರೆಕ್ಟರಿ ತಂಡಕ್ಕೆ ಟಿಕೆಟ್ ಕಳಿಸಬೇಕು. "ನಮಗೆ ಇನ್ನೂ ಹೆಚ್ಚಿನ ಅಧಿಕಾರ ಕೊಡಿ" ಎಂದು ಕೇಳುವುದು ಮದ್ದಲ್ಲ.

ಈಗ ತಾತ್ಕಾಲಿಕ ಪಾಸ್‌ವರ್ಡ್. ವೆಲ್ಕಮ್ ಮತ್ತು ಒಂದು, ಎರಡು, ಮೂರು ಸೇರಿಸಿ ಎಲ್ಲರಿಗೂ ಒಂದನ್ನೇ ಕೊಡುವ ತಂಡಗಳಿವೆ. ಒಮ್ಮೆ ಕೇಳಿದವನಿಗೆ ಮುಂದಿನ ಎಲ್ಲ ರೀಸೆಟ್‌ಗಳ ಗುಟ್ಟೂ ತಿಳಿದಂತೆ. ಪ್ರತಿ ಸಲ ಟೂಲ್‌ನಿಂದ ಹೊಸದಾಗಿ ತೆಗೆಯಬೇಕು, ಕಾಲ್‌ನಲ್ಲೇ ಅಕ್ಷರ ಅಕ್ಷರ ಬಿಡಿಸಿ ಹೇಳಬೇಕು. ಸೊನ್ನೆ–ಓ, ಒಂದು–ಸಣ್ಣ ಎಲ್ ಇವು ಬರದಂತೆ ಟೂಲ್ ಹೊಂದಿಸಿದರೆ ಅರ್ಧ ಗೋಳು ತಪ್ಪುತ್ತದೆ. ಇಮೇಲ್, ಚಾಟ್, ಟಿಕೆಟ್‌ನ ಕಾಮೆಂಟ್ ಯಾವುದರಲ್ಲೂ ಅದು ಬರಕೂಡದು. ಟಿಕೆಟ್‌ಗಳನ್ನು ಹತ್ತಾರು ಜನ ಓದುತ್ತಾರೆ, ವರ್ಷಗಟ್ಟಲೆ ಉಳಿಯುತ್ತವೆ. ಹೊಸ ಫೋನಿನಲ್ಲಿ ಎಂಎಫ್‌ಎ ನೋಂದಣಿಗೆ ಮೈಕ್ರೋಸಾಫ್ಟಿನ ಕ್ಲೌಡ್ ಖಾತೆ ವ್ಯವಸ್ಥೆಯಾದ ಎಂಟ್ರಾ ಇದ್ದರೆ ಟೆಂಪರರಿ ಆಕ್ಸೆಸ್ ಪಾಸ್ ಎಂಬ ಅಲ್ಪಾವಧಿಯ ಕೋಡ್ ಕೊಡುವುದೇ ಮೇಲು. ಸೆಟ್ಟಿಂಗ್ ಬದಲಾಯಿಸದಿದ್ದರೆ ಅದರ ಆಯಸ್ಸು ಒಂದು ಗಂಟೆ. ಒಂದೇ ಸಲ ಬಳಸುವಂತೆ ಮಾಡಿ, ಹಳೆಯ ಫೋನಿನ ನೋಂದಣಿ ಅಳಿಸಿ, ಚಾಲ್ತಿಯಲ್ಲಿರುವ ಸೆಷನ್‌ಗಳನ್ನೆಲ್ಲ ರದ್ದು ಮಾಡಬೇಕು. ರದ್ದು ಮಾಡಿದ ಮೇಲೂ ಆಗಲೇ ಕೊಟ್ಟ ಆಕ್ಸೆಸ್ ಟೋಕನ್ (ಒಳಗೆ ಬಿಡುವ ಡಿಜಿಟಲ್ ಚೀಟಿ) ಸುಮಾರು ಒಂದು ಗಂಟೆ ನಡೆಯಬಹುದು. ಡೊಮೇನ್, ಅಂದರೆ ಕಚೇರಿಯ ಒಳಜಾಲದಲ್ಲಿ, ಅಂಥದೇ ಚೀಟಿಯಾದ ಕೆರ್ಬೆರೋಸ್ ಟಿಕೆಟ್‌ಗೆ ಸಾಮಾನ್ಯವಾಗಿ 10 ಗಂಟೆ. ಖಾತೆ ಕಳ್ಳರ ಕೈಗೆ ಹೋಗಿದೆ ಎಂಬ ಅನುಮಾನವಿದ್ದರೆ ಬರೀ ರೀಸೆಟ್ ಸಾಲದು, ಮೊದಲು ಖಾತೆಯನ್ನೇ ನಿಲ್ಲಿಸಬೇಕು ಎನ್ನುವುದು ಇದಕ್ಕೇ.

ಇಲ್ಲಿಂದ ಮುಂದೆ ಇರುವುದು ಮನೆಯಲ್ಲಿರುವ ಲ್ಯಾಪ್‌ಟಾಪಿನ ತಕರಾರು. ರಿಮೋಟ್ ತಂಡಗಳು ಹೆಚ್ಚು ಎಡವುವುದು ಇಲ್ಲಿ.

ಪಾಸ್‌ವರ್ಡ್ ಪರಿಶೀಲಿಸುವ ಕಚೇರಿಯ ಸರ್ವರ್ ಆದ ಡೊಮೇನ್ ಕಂಟ್ರೋಲರ್‌ನಲ್ಲಿ ಪಾಸ್‌ವರ್ಡ್ ಬದಲಾದದ್ದು ಆ ಲ್ಯಾಪ್‌ಟಾಪಿಗೆ ಗೊತ್ತೇ ಇರುವುದಿಲ್ಲ. ಅದು ತಾನು ಉಳಿಸಿಕೊಂಡ ಹಳೆಯದನ್ನೇ ಕೇಳುತ್ತದೆ. ಅವರು ಮರೆತಿರುವುದೂ ಆ ಹಳೆಯದನ್ನೇ. ಹೊಸದನ್ನು ಹಾಕಿದರೆ ತಪ್ಪು ಎನ್ನುತ್ತದೆ, "ನೀವು ಕೊಟ್ಟದ್ದೇ ಸರಿಯಿಲ್ಲ" ಎಂದು ಎರಡನೆಯ ಕಾಲ್ ಬರುತ್ತದೆ. ಆದ್ದರಿಂದ ರೀಸೆಟ್‌ಗೂ ಮೊದಲೇ ಕೇಳಬೇಕು: "ಲ್ಯಾಪ್‌ಟಾಪ್ ತೆರೆಯಲು ಪಿನ್ ಇದೆಯಾ ಸರ್?" ವಿಂಡೋಸ್ ಹಲೋ ಪಿನ್ ಇದ್ದರೆ ಗೆದ್ದಂತೆ, ಪಾಸ್‌ವರ್ಡ್ ಮರೆತರೂ ಪಿನ್ ಬಾಗಿಲು ತೆರೆಯುತ್ತದೆ. ಪಿನ್ ಇಲ್ಲದಿದ್ದರೆ ಲಾಗಿನ್ ಪರದೆಯಲ್ಲೇ ವಿಪಿಎನ್ ಜೋಡಿಸುವ ಚಿಹ್ನೆ ಇದೆಯೇ ನೋಡಬೇಕು. ಅದೂ ಇಲ್ಲವೆಂದರೆ ಯಂತ್ರವನ್ನು ಕಚೇರಿಯ ನೆಟ್‌ವರ್ಕಿಗೆ ತರುವುದೇ ಗತಿ. ಯಂತ್ರ ಬರೀ ಎಂಟ್ರಾಗೆ ಸೇರಿದ್ದಾಗಿದ್ದರೆ ಇದ್ಯಾವ ತಾಪತ್ರಯವೂ ಇಲ್ಲ, ಇಂಟರ್‌ನೆಟ್ ಇದ್ದರೆ ಹೊಸ ಪಾಸ್‌ವರ್ಡ್ ನೇರ ನಡೆಯುತ್ತದೆ.

ಪಿನ್ ಹಾಕಿ ಒಳಗೆ ಬಂದರು. ಇನ್ನು ವಿಪಿಎನ್. ಇಲ್ಲೊಂದು ಗಂಟಿದೆ. ರೀಸೆಟ್ ಮಾಡುವಾಗ "ಮುಂದಿನ ಲಾಗಿನ್‌ನಲ್ಲಿ ಪಾಸ್‌ವರ್ಡ್ ಬದಲಾಯಿಸಲೇಬೇಕು" ಎಂಬ ಚೌಕಕ್ಕೆ ಟಿಕ್ ಹಾಕುವುದು ಎಲ್ಲರ ಅಭ್ಯಾಸ. ಒಳ್ಳೆಯ ಅಭ್ಯಾಸವೂ ಹೌದು. ಆದರೆ ವಿಪಿಎನ್ ಸರ್ವರ್ ಪಾಸ್‌ವರ್ಡ್ ಬದಲಾವಣೆಗೆ ಅವಕಾಶ ಕೊಡದ ಬಗೆಯದಾದರೆ ಆ ಟಿಕ್ ಇರುವವರೆಗೂ ಒಳಗೆ ಬಿಡುವುದಿಲ್ಲ. ಪಾಸ್‌ವರ್ಡ್ ಬದಲಾಯಿಸಲು ವಿಪಿಎನ್ ಬೇಕು, ವಿಪಿಎನ್‌ಗೆ ಬದಲಾದ ಪಾಸ್‌ವರ್ಡ್ ಬೇಕು. ಹಾಗೆಂದು ಟಿಕ್ ತೆಗೆದು ಬಿಟ್ಟರೆ ಇನ್ನೊಂದು ಪೆಟ್ಟು: ಪಾಸ್‌ವರ್ಡ್‌ಗೆ ಕನಿಷ್ಠ ಒಂದು ದಿನ ವಯಸ್ಸಾಗಿರಬೇಕು ಎಂಬ ನಿಯಮ ಡೊಮೇನ್‌ನಲ್ಲಿ ಮೊದಲಿಂದಲೇ ಇರುತ್ತದೆ. ನಾವು ಈಗಷ್ಟೇ ಕೊಟ್ಟದ್ದನ್ನು ಅವರು ಇವತ್ತೇ ಬದಲಾಯಿಸಲು ಹೋದರೆ ಉದ್ದ, ಕ್ಲಿಷ್ಟತೆ, ಇತಿಹಾಸದ ಷರತ್ತಿಗೆ ಹೊಂದುತ್ತಿಲ್ಲ ಎಂದು ವಿಂಡೋಸ್ ದೂರುತ್ತದೆ. ಆ ಸಂದೇಶ ಓದಿ ಪಾಪ ಅವರು ಒಂದಕ್ಕಿಂತ ಒಂದು ಉದ್ದದ ಪಾಸ್‌ವರ್ಡ್ ಕಟ್ಟುತ್ತಾ ಕೂರುತ್ತಾರೆ.

ನಡೆಯುವ ಕ್ರಮ ಇದು. ಟಿಕ್ ಇಲ್ಲದೆ ರೀಸೆಟ್ ಮಾಡಿ. ಅವರು ತಾತ್ಕಾಲಿಕ ಪಾಸ್‌ವರ್ಡ್‌ನಿಂದ ವಿಪಿಎನ್ ಜೋಡಿಸಲಿ. ಜೋಡಿಸಿದ್ದು ಖಾತ್ರಿಯಾದ ಮೇಲೆ, ಕಾಲ್ ಇನ್ನೂ ನಡೆಯುತ್ತಿರುವಾಗಲೇ, ನಮ್ಮ ಕಡೆಯಿಂದ ಆ ಟಿಕ್ ಹಾಕಿ. ಟಿಕ್ ಬಿದ್ದ ಖಾತೆಗೆ ಒಂದು ದಿನದ ನಿಯಮ ಅಡ್ಡಬರುವುದಿಲ್ಲ. ಅವರು ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿ ತಮ್ಮದೇ ಪಾಸ್‌ವರ್ಡ್ ಹಾಕಿಕೊಳ್ಳಲಿ. ನಂತರ ವಿಪಿಎನ್ ಕಡಿಯದೆ ವಿಂಡೋಸ್ ಕೀಲಿ ಮತ್ತು ಎಲ್ ಒತ್ತಿ ಪರದೆ ಲಾಕ್ ಮಾಡಿ, ಪಿನ್ ಬಿಟ್ಟು ಹೊಸ ಪಾಸ್‌ವರ್ಡ್‌ನಿಂದಲೇ ತೆರೆಯಲಿ. ಲ್ಯಾಪ್‌ಟಾಪ್ ಹೊಸದನ್ನು ಕಲಿತಿದೆ ಎಂಬುದಕ್ಕೆ ಅದೇ ಸಾಕ್ಷಿ. ಅದನ್ನು ನೋಡದೆ ಕಾಲ್ ಇಟ್ಟರೆ ನಾಳೆ ಅದೇ ಮನುಷ್ಯ ಮತ್ತೆ ಸಾಲಿನಲ್ಲಿರುತ್ತಾನೆ. ಸ್ಕ್ರೀನ್ ಶೇರ್ ರೆಕಾರ್ಡ್ ಆಗುತ್ತಿದ್ದರೆ ಈ ಹೊತ್ತಿಗೆ ನಿಲ್ಲಿಸಿರಬೇಕು.

ಮಧ್ಯಾಹ್ನ ಖಾತೆ ಲಾಕ್ ಆಗಿದೆ ಎಂದು ಅವರೇ ಮತ್ತೆ ಮಾಡಿದರೆ ಸುಮ್ಮನೆ ಅನ್‌ಲಾಕ್ ಮಾಡುತ್ತಾ ಹೋಗಬೇಡಿ. ಲಾಕ್‌ಗಳ ದಾಖಲೆ ಸೇರುವ ಡೊಮೇನ್ ಕಂಟ್ರೋಲರ್ ಆದ ಪಿಡಿಸಿ ಎಮ್ಯುಲೇಟರ್‌ನಲ್ಲಿ 4740 ಈವೆಂಟ್ (ಖಾತೆ ಲಾಕ್ ಆದ ದಾಖಲೆ) ತೆರೆದರೆ ತಪ್ಪು ಪಾಸ್‌ವರ್ಡ್ ಎಲ್ಲಿಂದ ಬರುತ್ತಿದೆ ಎಂಬ ಯಂತ್ರದ ಹೆಸರಿರುತ್ತದೆ. ಹಳೆಯ ಟ್ಯಾಬ್ಲೆಟ್‌ನ ಮೇಲ್, ವಿಂಡೋಸ್ ಪಾಸ್‌ವರ್ಡ್ ಉಳಿಸಿಡುವ ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ ಉಳಿದ ನೆಟ್‌ವರ್ಕ್ ಡ್ರೈವ್, ಮರೆತುಬಿಟ್ಟ ರಿಮೋಟ್ ಸೆಷನ್, ಇವೇ ಸಾಮಾನ್ಯ ಅಪರಾಧಿಗಳು. ಹೋದ ಸಲ ರೀಸೆಟ್ ಆದಾಗ ಏನೂ ಆಗಿರಲಿಲ್ಲವಲ್ಲ ಎಂದು ಅವರು ವಾದಿಸುತ್ತಾರೆ. ಅದಕ್ಕೂ ಕಾರಣವಿದೆ: ಹಾಕಿದ ತಪ್ಪು ಪಾಸ್‌ವರ್ಡ್ ಇತಿಹಾಸದ ಇತ್ತೀಚಿನ ಒಂದೆರಡಕ್ಕೆ ಹೊಂದಿದರೆ ಆಕ್ಟಿವ್ ಡೈರೆಕ್ಟರಿ ಅದನ್ನು ತಪ್ಪುಗಳ ಲೆಕ್ಕಕ್ಕೆ ಸೇರಿಸುವುದಿಲ್ಲ. ಟ್ಯಾಬ್ಲೆಟ್‌ನಲ್ಲಿರುವುದು ಅದಕ್ಕಿಂತ ಹಳೆಯದಾದಾಗ ಲೆಕ್ಕ ಶುರುವಾಗುತ್ತದೆ.

ಟಿಕೆಟ್‌ನಲ್ಲಿ ಬರೆಯುವುದು ಇಷ್ಟು: ಕಾಲ್‌ಬ್ಯಾಕ್ ಮಾಡಿದ ನಂಬರಿನ ಕೊನೆಯ ಎರಡು ಅಂಕಿ, ಮ್ಯಾನೇಜರ್ ಜೊತೆ ಮಾತಾಡಿದ ಸಮಯ, ಎಂಎಫ್‌ಎ ರೀಸೆಟ್‌ಗೆ ಒಪ್ಪಿದ ಎರಡನೆಯ ಏಜೆಂಟ್ ಯಾರು, ಸೆಷನ್ ರದ್ದಾದ ಸಮಯ. ಜೊತೆಗೆ ಉದ್ಯೋಗಿಗೂ ಮ್ಯಾನೇಜರ್‌ಗೂ "ರೀಸೆಟ್ ಆಗಿದೆ, ನೀವು ಕೇಳಿದ್ದಲ್ಲವಾದರೆ ತಕ್ಷಣ ತಿಳಿಸಿ" ಎಂಬ ಸೂಚನೆ ತಾನಾಗಿಯೇ ಹೋಗಬೇಕು.

ಇದಿಷ್ಟು ಕಾಲ್‌ಬ್ಯಾಕ್‌ಗೆ ಒಪ್ಪಿದವರ ಕತೆ. ಒಪ್ಪದವರೂ ಇರುತ್ತಾರೆ. "ಆ ನಂಬರ್ ಈಗ ನನ್ನ ಹತ್ತಿರ ಇಲ್ಲ, ಬಿಡಿ, ನಾನೇ ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಡುತ್ತಾರೆ. ಅಲ್ಲಿಗೆ ಮುಗಿಯಿತೆಂದು ಟಿಕೆಟ್ ಮುಚ್ಚುವುದು ದೊಡ್ಡ ತಪ್ಪು. ಇಂಥವರು ಐದೇ ನಿಮಿಷದಲ್ಲಿ ಮತ್ತೆ ಡಯಲ್ ಮಾಡುತ್ತಾರೆ, ಇನ್ನೊಂದು ಊರಿನಲ್ಲಿ ಕೂತ ಇನ್ನೊಬ್ಬ ಏಜೆಂಟಿಗೆ ಕಾಲ್ ಹೋಗುತ್ತದೆ, ಅವನಿಗೆ ಹಿಂದಿನದೇನೂ ಗೊತ್ತಿರುವುದಿಲ್ಲ. ಯಾರು ಮೆತ್ತಗಿದ್ದಾರೆ ಎಂದು ಒಬ್ಬೊಬ್ಬರನ್ನಾಗಿ ತಟ್ಟಿ ನೋಡುವುದೇ ಅವರ ಕೆಲಸ. ಅದಕ್ಕೆ ಆ ಕ್ಷಣವೇ ಖಾತೆಯ ಮೇಲೆ, ಯಾರು ತೆರೆದರೂ ಮೊದಲು ಕಣ್ಣಿಗೆ ಬೀಳುವ ಜಾಗದಲ್ಲಿ, ಒಂದು ಸಾಲು: "11:40 — ರೀಸೆಟ್ ಕೇಳಿದರು, ಕಾಲ್‌ಬ್ಯಾಕ್ ಬೇಡವೆಂದರು. ಸೆಕ್ಯೂರಿಟಿ ತಂಡ ತೆರವು ಮಾಡುವವರೆಗೆ ಯಾವ ಬದಲಾವಣೆಯೂ ಬೇಡ." ಆಮೇಲೆ ಖಾತೆಯ ನಿಜವಾದ ಒಡೆಯರಿಗೆ, ದಾಖಲೆಯ ನಂಬರಿಗೆ, ನಾವೇ ಒಂದು ಕಾಲ್.