90 ಪರ್ಸೆಂಟ್ ಅಂದುಬಿಟ್ಟೆ

ವಿಜಯಪುರದಲ್ಲಿ ಎಂಆರ್ ಆಗಿ, ಅಂದರೆ ಡಾಕ್ಟರ್‌ಗಳಿಗೆ ಕಂಪನಿಯ ಔಷಧಿ ಪರಿಚಯಿಸುವ ಮೆಡಿಕಲ್ ರೆಪ್ ಆಗಿ, ಒಂಬತ್ತು ವರ್ಷ ಆಯ್ತು. ಡಾಕ್ಟರ್‌ಗಳಿಂದ ಬೈಸಿಕೊಂಡದ್ದೆಲ್ಲ ಮರೆತಿದ್ದೇನೆ. ಹೋದ ಮೇ ತಿಂಗಳ ಒಂದು ಡಾಕ್ಟರ್ ಭೇಟಿ ಮಾತ್ರ ಇನ್ನೂ ಚುಚ್ಚುತ್ತದೆ.

ನಮ್ಮ ಕಂಪನಿಯ ಲೈಪೋಸೋಮಲ್ ವಿಟಮಿನ್ ಸಿ ಸ್ಯಾಚೆ, ಅಂದರೆ ಲೈಪೋಸೋಮ್ ಅನ್ನೋ ಕೊಬ್ಬಿನ ಪುಟ್ಟ ಚೀಲದೊಳಗೆ ವಿಟಮಿನ್ ತುಂಬಿದ್ದು, ಆಗಷ್ಟೇ ಲಾಂಚ್ ಆಗಿತ್ತು. ಬೆಳಿಗ್ಗೆ ಸಿಂದಗಿ ಮುಗಿಸಿ, ಸಂಜೆ ಗೋಳಗುಮ್ಮಟದ ಕಡೆಯ ಒಂದು ಕ್ಲಿನಿಕ್‌ಗೆ ಬಂದೆ. ಕಂಪನಿ ಕೊಟ್ಟ ಚಿತ್ರಪುಸ್ತಕ, ವಿಶುವಲ್ ಏಡ್, ತೆಗೆದು ಡಾಕ್ಟರ್‌ಗೆ ಹೇಳಿದೆ: ‘ಮೇಡಂ, ಅಬ್ಸಾರ್ಪ್ಷನ್ 90 ಪರ್ಸೆಂಟ್.’

ಅವರು ಪೆನ್ನು ಕೆಳಗಿಟ್ಟರು. ‘ಎಲ್ಲಿ ಅಳೆದಾರ ತಮ್ಮಾ? ಮನಷ್ಯಾರ ರಕ್ತದಾಗೋ, ಟೆಸ್ಟ್ ಟ್ಯೂಬಿನಾಗೋ?’

ಪುಟದ ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರ: ‘ಡೇಟಾ ಆನ್ ಫೈಲ್’, ಅಂದರೆ ಪುರಾವೆ ಕಂಪನಿಯ ಫೈಲಿನಲ್ಲಿದೆ ಅಂತ. ಆ ಫೈಲ್ ನಾನು ಕಂಡೇ ಇಲ್ಲ. ಗೊತ್ತಿಲ್ಲ ಅಂದಿದ್ದರೆ ಮುಗಿಯುತ್ತಿತ್ತು. ನಾನು ಇನ್ನೂ ಮುಂದೆ ಹೋದೆ. ಕ್ಯಾನ್ಸರ್ ಇಂಜೆಕ್ಷನ್ ಡಾಕ್ಸಿಲ್‌ಗೆ 1995ರಲ್ಲೇ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ, ಇದೂ ಅದೇ ಟೆಕ್ನಾಲಜಿ ಅಂದೆ.

‘ಅದು ನರಕ್ಕ ಕೊಡೂದು. ಇದು ಹೊಟ್ಟಿಗೆ ಹೋಗತೈತಿ. ಆ್ಯಸಿಡ್, ಪಿತ್ತರಸ ದಾಟಿ ಎಷ್ಟು ಉಳೀತೈತಿ ಹೇಳು?’

ಫ್ಯಾನ್ ಸದ್ದು ಬಿಟ್ಟರೆ ಏನೂ ಇಲ್ಲ. ಅವರೇ ಸ್ಯಾಂಪಲ್ ಕತ್ತರಿಸಿ ಸ್ಟೀಲ್ ಲೋಟದ ನೀರಿಗೆ ಹಿಂಡಿದರು. ಹಾಲಿನ ಹಾಗೆ ಬೆರೆಯಬೇಕಿತ್ತು. ಬೆರೆಯಲಿಲ್ಲ. ಹಳದಿ ಗಂಟುಗಳು ಮೇಲೆ ತೇಲಿದವು, ಹಳೇ ಎಣ್ಣೆ ವಾಸನೆ ಬಂತು. ಕವರ್ ಮೇಲೆ 25 ಡಿಗ್ರಿ ಒಳಗೆ ಇಡಿ ಅಂತ ಬರೆದಿತ್ತು. ಹೊರಗೆ 40 ದಾಟಿತ್ತು, ಬ್ಯಾಗ್ ಇಡೀ ದಿನ ಬೈಕ್ ಟ್ಯಾಂಕ್ ಮೇಲೇ ಇತ್ತು. ಅದು ನನ್ನದೇ ತಪ್ಪು.

ಆ ರಾತ್ರಿ ಕೂತು ಓದಿದೆ. ಲಾಂಚ್ ಮೀಟಿಂಗ್‌ನಲ್ಲಿ ಇದನ್ನೇ ಹೇಳಬೇಕಿತ್ತು ಅಲ್ವಾ? ಲೆಸಿಥಿನ್ ಅನ್ನೋ ಕೊಬ್ಬಿನ ಪದಾರ್ಥದಲ್ಲಿರುವ ಫಾಸ್ಫೋಲಿಪಿಡ್ ಅಣುವಿನ ಒಂದು ತುದಿಗೆ ನೀರು ಬೇಕು, ಇನ್ನೊಂದಕ್ಕೆ ಬೇಡ. ಹಾಗಾಗಿ ಅವು ನೀರಿನಲ್ಲಿ ಎರಡು ಪದರದ ಪುಟ್ಟ ಚೀಲ ಕಟ್ಟಿಕೊಳ್ಳುತ್ತವೆ. ವಿಟಮಿನ್ ಸಿ ಆ ಚೀಲದ ಒಳಗೆ ಇರಬೇಕು. ಸುಮ್ನೆ ಲೆಸಿಥಿನ್ ಜೊತೆ ಕಲಸಿದರೆ ಲೈಪೋಸೋಮ್ ಆಗಲ್ಲ. ಚೀಲದ ಗಾತ್ರ ಎಷ್ಟು ನ್ಯಾನೋಮೀಟರ್, ಒಳಗೆ ಎಷ್ಟು ಸೇರಿದೆ ಅನ್ನೋ ರಿಪೋರ್ಟ್ ಇಲ್ಲದೆ ಲೇಬಲ್ ಮೇಲಿನ ಆ ಪದಕ್ಕೆ ಬೆಲೆ ಇಲ್ಲ. ಬಿಸಿಲಿಗೆ ಚೀಲ ಸೋರುತ್ತದೆ, ಕೊಬ್ಬು ಕೆಡುತ್ತದೆ.

ಇನ್ನೊಂದು ಮಾತು. ಸಾದಾ ವಿಟಮಿನ್ ಸಿಯನ್ನು 200 ಮಿಲಿಗ್ರಾಂವರೆಗೆ ಕರುಳು ಚೆನ್ನಾಗಿಯೇ ಹೀರಿಕೊಳ್ಳುತ್ತದೆ. ಒಂದು ಗ್ರಾಂ ದಾಟಿದರೆ ಅರ್ಧಕ್ಕಿಂತ ಕಡಿಮೆ, ಯಾಕಂದರೆ ಒಳಗೆ ಸಾಗಿಸುವ ದಾರಿಗಳು ತುಂಬಿಹೋಗುತ್ತವೆ. ಲೈಪೋಸೋಮ್‌ನಿಂದ ಲಾಭ ಆದರೆ ಅಂಥ ದೊಡ್ಡ ಡೋಸ್‌ನಲ್ಲಿ. ಸಣ್ಣ ಅಧ್ಯಯನಗಳಲ್ಲಿ ರಕ್ತದಲ್ಲಿ ಸಾದಾದ್ದಕ್ಕಿಂತ ಸ್ವಲ್ಪ ಜಾಸ್ತಿ ಕಂಡಿದೆ, ನರಕ್ಕೆ ಕೊಟ್ಟಷ್ಟಂತೂ ಅಲ್ಲ. ದಿನದ ಅಗತ್ಯಕ್ಕೆ ಒಂದು ಪೇರಲ ಹಣ್ಣು ಸಾಕಾಗುವಾಗ, ಕೂಲಿ ಮಾಡುವವರ ಚೀಟಿಗೆ ಇದನ್ನು ಬರೆಸಲು ನನಗೆ ಮನಸ್ಸಿಲ್ಲ.

ನನ್ನ ಮೇಲಿನ ಏರಿಯಾ ಮ್ಯಾನೇಜರ್, ಎಎಸ್ಎಂಗೆ ಫೋನ್ ಮಾಡಿ ರಿಪೋರ್ಟ್ ಕೇಳಿದೆ. ‘ಮೊದಲು ಪಿಒಬಿ ಕಳಿಸು’ ಅಂದರು, ಅಂದರೆ ನಾನು ಬುಕ್ ಮಾಡಿದ ಆರ್ಡರ್‌ಗಳ ಲೆಕ್ಕ. ಸ್ಯಾಂಪಲ್ ತಂಪಾಗಿಡೋ ಥರ್ಮಾಕೋಲ್ ಬಾಕ್ಸ್‌ನ ದುಡ್ಡೂ ಎಕ್ಸ್‌ಪೆನ್ಸ್‌ನಲ್ಲಿ ಪಾಸ್ ಆಗಲಿಲ್ಲ. ಸ್ವಂತ ದುಡ್ಡಲ್ಲೇ ತಗೊಂಡೆ.

ಮುಂದಿನ ತಿಂಗಳು ಮೇಡಂ ಹತ್ರ ಹೋದಾಗ ಆ ಪುಟ ತೆಗೆಯಲಿಲ್ಲ. ಅವರೇ ಕೇಳಿದರು, ‘ರಿಪೋರ್ಟ್ ಬಂತೇನ ತಮ್ಮಾ?’

‘ಇನ್ನೂ ಬಂದಿಲ್ಲ ಮೇಡಂ’ ಅಂದೆ. ‘ಕುಂದ್ರು’ ಅಂದು ಕುರ್ಚಿ ತೋರಿಸಿದರು.