ಉಪ್ಪಾಗೆ ಒಣಗಿಸಿದ ದಿನ

ಉಪ್ಪಾಗೆ ಎಂಬ ಕಾಡಿನ ಹುಳಿಕಾಯಿ ಹಣ್ಣಾಗುವುದು ಮಳೆ ಬಿಡುವೇ ಕೊಡದ ಆಷಾಢದ ಹೊತ್ತಿಗೆ. ಹೀಗಾಗಿ ಅದನ್ನು ಹೆಕ್ಕುವುದಕ್ಕಿಂತ ಒಣಗಿಸುವುದೇ ದೊಡ್ಡ ಕೆಲಸ ಎಂಬುದು ಸಿದ್ದಾಪುರ ತಾಲೂಕಿನ ಘಟ್ಟದಂಚಿನಲ್ಲಿರುವ ಅತ್ತೆಯ ಮನೆಗೆ ಹೋಗಿದ್ದಾಗ ನನಗೆ ಚೆನ್ನಾಗಿ ಮನದಟ್ಟಾಯಿತು.

ಬೆಳಿಗ್ಗೆ ಕಂಬಳಿಕೊಪ್ಪೆ ಹೊದ್ದು, ಉಂಬಳ (ಜಿಗಣೆ) ಹತ್ತದಿರಲೆಂದು ಕಾಲಿಗೆ ಸುಣ್ಣ ಸವರಿಕೊಂಡು, ಮಾವನ ಹಿಂದೆ ಕಾನಿಗೆ ಇಳಿದೆ. ಹಳ್ಳದ ಪಕ್ಕದ ಮರದಡಿ ಹಳದಿ ಹಣ್ಣುಗಳು ಬಿದ್ದಿದ್ದವು. ಮೈಮೇಲೆ ಆಳವಾದ ಗೆರೆಗಳಿದ್ದು ಒಂದೊಂದೂ ಪುಟ್ಟ ಕುಂಬಳಕಾಯಿಯಂತೆ ಕಾಣುತ್ತಿತ್ತು. ಒಡೆದು ಬೀಜಕ್ಕೆ ಅಂಟಿದ ತಿರುಳನ್ನು ಚೀಪಿದರೆ ಹುಳಿಸಿಹಿ, ಸಿಪ್ಪೆಯನ್ನು ಕಚ್ಚಿದರೆ ಹಲ್ಲೆಲ್ಲ ಜುಮ್ಮೆನ್ನುವಷ್ಟು ಹುಳಿ. ಕೆಲವನ್ನು ಸಿಂಗಳೀಕಗಳು ಆಗಲೇ ಅರ್ಧ ತಿಂದು ಬಿಸಾಡಿದ್ದವು. ಅವುಗಳ ರಕ್ಷಣೆಗೆಂದೇ 2011ರಲ್ಲಿ ಅಘನಾಶಿನಿ ಕಣಿವೆಯ ಕಾಡನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ.

ನಾನು ದೋಟಿ ಎತ್ತಿದ್ದನ್ನು ಕಂಡು ಮಾವ, "ಕಾಯಿ ಬಡಿಯಬೇಡ ಮಾರಾಯ, ಬಿದ್ದದ್ದನ್ನು ಹೆಕ್ಕು" ಎಂದರು. ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲವು ಬೊಜ್ಜು ಕರಗಿಸುತ್ತದೆಂಬ ಪ್ರಚಾರದಿಂದ 1990ರ ದಶಕದಲ್ಲಿ ವಿದೇಶದ ಬೇಡಿಕೆ ಏರಿದಾಗ, ಬೇರೆಯವರು ಕೊಯ್ಯುವ ಮೊದಲೇ ನಾವು ಕೊಯ್ಯಬೇಕೆಂಬ ಪೈಪೋಟಿಯಲ್ಲಿ ಜನ ಎಳೆಗಾಯಿಗಳನ್ನೂ ಉದುರಿಸಿ, ರೆಂಬೆಗಳನ್ನೇ ಕಡಿದದ್ದನ್ನು ಅವರು ನೋಡಿದವರು. ಬೊಜ್ಜು ಕರಗಿತೋ ಇಲ್ಲವೋ, ಮರಗಳಂತೂ ಸೊರಗಿದವು.

ಮಧ್ಯಾಹ್ನದಿಂದ ಅತ್ತೆಯ ಸರದಿ. ಹಣ್ಣು ಒಡೆದು, ಬೀಜ ಬೇರ್ಪಡಿಸಿ, ಸಿಪ್ಪೆಯನ್ನು ಅಡಿಕೆ ದಬ್ಬೆಯ ಅಟ್ಟದ ಮೇಲೆ ಹರವಿ ಕೆಳಗೆ ಬೆಂಕಿ ಹಾಕಿದೆವು. ಉರಿ ಹೆಚ್ಚಾದರೆ ಸಿಪ್ಪೆ ಸೀಯುತ್ತದೆ, ಆರಿದರೆ ಬೂಷ್ಟು ಹಿಡಿಯುತ್ತದೆ; ಆದ್ದರಿಂದ ಸೌದೆಯ ಕುಂಟೆ ಸರಿಸುತ್ತ, ಸಿಪ್ಪೆ ಮಗುಚುತ್ತ, ಹೊಗೆಗೆ ಕಣ್ಣೀರು ಒರೆಸಿಕೊಳ್ಳುತ್ತ ರಾತ್ರಿಯವರೆಗೂ ಅಲ್ಲಿಯೇ ಕುಳಿತಿರಬೇಕಾಯಿತು. ಹಳದಿ ಸಿಪ್ಪೆ ನಿಧಾನವಾಗಿ ಮುದುಡಿ, ಕಂದಾಗಿ, ಕಪ್ಪಿಗೆ ತಿರುಗುವಷ್ಟರಲ್ಲಿ ಉರಿದ ಸೌದೆಯ ರಾಶಿಯನ್ನು ನೋಡಿ, ಈ ಹುಳಿಗಾಗಿ ಕಾಡು ಎರಡು ಬಾರಿ ಬೆಲೆ ತೆರುತ್ತದೆ ಎನಿಸಿತು. ಬಿಸಿಗಾಳಿಯ ಒಣಗೂಡು ಕಟ್ಟಿಸಿದರೆ ಸೌದೆ ಉಳಿಯುತ್ತದೆಂಬುದು ಮಾವನಿಗೆ ಗೊತ್ತು, ಆದರೆ ಮನೆಬಳಕೆಯ ಹುಳಿಗೆ ಅಷ್ಟು ಖರ್ಚು ಅವರಿಗೆ ಹೊಂದುವುದಿಲ್ಲ.

ಬೀಜವನ್ನು ಅತ್ತೆ ಎಸೆಯಲು ಬಿಡಲಿಲ್ಲ. ಅದನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದಾಗ ಮೇಲೆ ತೇಲುವ ಕೊಬ್ಬೇ ಉಪ್ಪಾಗೆ ತುಪ್ಪ. ಹಿಂದಿನ ವರ್ಷದ ಗಟ್ಟಿ ತುಪ್ಪವನ್ನು ಅವರು ಮರುದಿನ ಕಾವಲಿಗೆ ಸವರಿ ದೋಸೆ ಎರೆದರು. ಪೇಟೆಯ ಎಣ್ಣೆಗಿಂತ ಅದೇ ನನಗೆ ಹಿಡಿಸಿತು.