ಹನ್ನೆರಡು ಫ್ರೇಮಿಗೊಂದು ಪೆಟ್ಟು

ನಮ್ಮ ಕಾಲೇಜಿನ ಭೌತಶಾಸ್ತ್ರ ವಿಭಾಗದಲ್ಲಿ ಸರಳ ಲೋಲಕವನ್ನು ಕಾರ್ಟೂನ್ ನೋಡುವುದಕ್ಕೂ ಬಳಸಿದ ಮೇಷ್ಟರು ಒಬ್ಬರೇ. ತೊಂಬತ್ತರ ದಶಕದ ಆರಂಭದಲ್ಲಿ ಇಲ್ಲಿ ಬಿ.ಎಸ್‌ಸಿ. ಓದಿದವರಿಗೆ ಅವರು ಯಾರೆಂದು ಹೇಳಬೇಕಾಗಿಲ್ಲ. ಸನ್ಮಾನ, ಹಾರ ಎಂದರೆ ದೂರ ಸರಿಯುತ್ತಿದ್ದ ಅವರ ಹೆಸರನ್ನು ನಾನು ಬರೆಯುವುದೂ ಇಲ್ಲ. ಶನಿವಾರ ಪ್ರಾಕ್ಟಿಕಲ್ ಮುಗಿದ ಮೇಲೆ ಉಳಿಯಬೇಕೆನ್ನುವವರು ಉಳಿಯಬಹುದಿತ್ತು. ಬೆಳಕಿನ ಪ್ರಯೋಗಗಳಿಗೆಂದು ಇದ್ದ ಕತ್ತಲ ಕೋಣೆಯಲ್ಲಿ ಟಿ.ವಿ. ಇಟ್ಟು, ಅಮೆರಿಕದಲ್ಲಿದ್ದ ತಮ್ಮ ತಂಗಿ ಕಳುಹಿಸಿದ ವಿಡಿಯೊ ಕ್ಯಾಸೆಟ್‌ಗಳನ್ನು ಅವರು ತೋರಿಸುತ್ತಿದ್ದರು. ಅಲ್ಲಿನ ಕ್ಯಾಸೆಟ್ ಎನ್‌ಟಿಎಸ್‌ಸಿ, ಇಲ್ಲಿನ ವಿಸಿಆರ್ ಪಾಲ್, ಎರಡೂ ಬೇರೆ ಬೇರೆ ವಿಡಿಯೊ ಪದ್ಧತಿ. ಎರಡನ್ನೂ ಓಡಿಸುವ ಯಂತ್ರ ಎರವಲು ಸಿಕ್ಕಿದ ಶನಿವಾರ ಮಾತ್ರ ಪ್ರದರ್ಶನ.

ಮೊದಲು ತೋರಿಸಿದ್ದು 1929ರ ‘ದಿ ಸ್ಕೆಲಿಟನ್ ಡಾನ್ಸ್’. ಡಿಸ್ನಿಯವರ ‘ಸಿಲ್ಲಿ ಸಿಂಫನಿ’ ಮಾಲೆಯ ಮೊದಲ ಚಿತ್ರ, ಆರು ನಿಮಿಷಕ್ಕೂ ಕಡಿಮೆ. ಮೇಷ್ಟರು ಅದನ್ನು ದನಿ ಪೂರ್ತಿ ಮುಚ್ಚಿ ಹಾಕಿದರು. ಸ್ಮಶಾನ, ಗೂಬೆ, ಗೋರಿಗಳ ಮೇಲೆ ಎದುರುಬದುರು ನಿಂತು ಕಿತ್ತಾಡುವ ಎರಡು ಬೆಕ್ಕು, ಸಮಾಧಿಯಿಂದ ಎದ್ದು ಬಂದು ಕುಣಿಯುವ ಅಸ್ಥಿಪಂಜರಗಳು. ಚೆನ್ನಾಗಿದೆ ಎನಿಸಿತು, ಅಷ್ಟೇ. ರೀವೈಂಡ್ ಮಾಡಿ ದನಿ ಕೊಟ್ಟು ಮತ್ತೆ ಹಾಕಿದಾಗ ಕೋಣೆಯಲ್ಲಿದ್ದ ಯಾರೂ ಸುಮ್ಮನೆ ಕುಳಿತಿರಲಾಗಲಿಲ್ಲ. ಬೆಂಚಿನ ಕೆಳಗೆ ಎಲ್ಲರ ಕಾಲೂ ಆಡುತ್ತಿತ್ತು. ಒಂದು ಅಸ್ಥಿಪಂಜರ ಇನ್ನೊಂದರ ಬೆನ್ನೆಲುಬನ್ನೇ ಕ್ಸೈಲೊಫೋನ್ ಮಾಡಿಕೊಂಡು ಮೂಳೆಗಳಿಂದ ಬಾರಿಸುತ್ತದೆ. ದನಿಯಿಲ್ಲದಾಗ ಅದು ಒಂದು ವಿಚಿತ್ರ ಚೇಷ್ಟೆ. ದನಿ ಕೂಡಿದ ಮೇಲೆ ಅಲ್ಲಿ ವಾದ್ಯವೊಂದು ಹುಟ್ಟಿಬಿಟ್ಟಿತ್ತು.

ಆಮೇಲೆ ಲೋಲಕ ಬಂತು. ಸಿನಿಮಾ ಫಿಲ್ಮು ಸೆಕೆಂಡಿಗೆ 24 ಫ್ರೇಮು, ಎಂದರೆ 24 ಬಿಡಿ ಚಿತ್ರ, ಓಡುತ್ತದೆ. ಹಾಡಿನ ಒಂದು ಪೆಟ್ಟಿಗೆ 12 ಫ್ರೇಮು ಎಂದು ನಿಗದಿ ಮಾಡಿದರೆ ಅರ್ಧ ಸೆಕೆಂಡಿಗೊಂದು ಪೆಟ್ಟು, ನಿಮಿಷಕ್ಕೆ 120. ಎಂಟು ಫ್ರೇಮು ಎಂದರೆ ನಿಮಿಷಕ್ಕೆ 180. ಮೇಷ್ಟರು ಟಿ.ವಿ.ಯ ಪಕ್ಕದಲ್ಲಿ ಸ್ಟ್ಯಾಂಡ್ ನಿಲ್ಲಿಸಿ, ದಾರಕ್ಕೆ ಗುಂಡು ಕಟ್ಟಿ, ಉದ್ದ 25 ಸೆಂಟಿಮೀಟರ್ ಮಾಡಿ ಬಿಟ್ಟರು. ಆ ಕಡೆ ಒಂದು ಅರ್ಧ ಸೆಕೆಂಡು, ಈ ಕಡೆ ಒಂದು ಅರ್ಧ ಸೆಕೆಂಡು. ದಾರವನ್ನು 11 ಸೆಂಟಿಮೀಟರಿಗೆ ಇಳಿಸಿದರೆ ಎಂಟು ಫ್ರೇಮಿನ ನಡೆ. ಒಂದೊಂದು ಚಿತ್ರದ ಒಂದೊಂದು ಭಾಗಕ್ಕೆ ದಾರದ ಉದ್ದ ಬದಲಿಸುತ್ತ, ಗುಂಡು ಮತ್ತು ಕುಣಿತ ಒಂದಾಗುವ ಜಾಗವನ್ನು ನಾವೇ ಹುಡುಕಬೇಕು. ಟಿ = 2π√(ಎಲ್/ಜಿ) ಎಂದು ಲೋಲಕದ ಉದ್ದಕ್ಕೂ ಅದು ತೂಗುವ ಸಮಯಕ್ಕೂ ಗಂಟು ಹಾಕುವ ಸೂತ್ರವನ್ನು ನಾನು ಇಂದಿಗೂ ಮರೆಯದಿರುವುದಕ್ಕೆ ಪರೀಕ್ಷೆ ಕಾರಣವಲ್ಲ.

ಈ ಲೆಕ್ಕ ಮೇಷ್ಟರ ಕಲ್ಪನೆಯಲ್ಲ. ಆ ಚಿತ್ರಗಳನ್ನು ಮಾಡಿದವರು ಕೆಲಸ ಮಾಡುತ್ತಿದ್ದುದೇ ಹಾಗೆ. 1928ರಲ್ಲಿ ‘ಸ್ಟೀಮ್‌ಬೋಟ್ ವಿಲ್ಲಿ’ ತಯಾರಾಗುತ್ತಿದ್ದಾಗ ವಿಲ್ಫ್ರೆಡ್ ಜಾಕ್ಸನ್ ಎಂಬ ಯುವ ಕಲಾವಿದ ಲಯ ಹಿಡಿದು ಟಿಕ್ ಟಿಕ್ ಎನ್ನುವ ಮೆಟ್ರೊನೋಮ್ ಇಟ್ಟುಕೊಂಡು ಫ್ರೇಮಿಗೂ ತಾಳಕ್ಕೂ ಗಂಟು ಹಾಕುವ ದಾರಿ ಹುಡುಕಿದರು. ಸ್ವರಲಿಪಿ ಬರೆಯುವಂತೆ ಗೆರೆ ಎಳೆದ ಹಾಳೆಯಲ್ಲಿ ಮೇಲೆ ಸಂಗೀತ, ಕೆಳಗೆ ಪಾತ್ರದ ಚಲನೆ. ಯಾವ ಪೆಟ್ಟಿಗೆ ಕಾಲು ನೆಲ ಮುಟ್ಟಬೇಕು, ಯಾವ ಪೆಟ್ಟಿಗೆ ತಲೆ ತಿರುಗಬೇಕು ಎಂಬುದು ಮೊದಲ ಚಿತ್ರ ಬರೆಯುವ ಮುನ್ನವೇ ತೀರ್ಮಾನವಾಗುತ್ತಿತ್ತು. ‘ಸ್ಕೆಲಿಟನ್ ಡಾನ್ಸ್’ಗೆ ಸಂಗೀತ ಕೂಡಿಸಿದ ಕಾರ್ಲ್ ಸ್ಟಾಲಿಂಗ್ ಮೂಕಿ ಚಿತ್ರಗಳ ಕಾಲದಲ್ಲಿ ಕಾನ್ಸಾಸ್ ಸಿಟಿಯ ಚಿತ್ರಮಂದಿರದಲ್ಲಿ ಆರ್ಗನ್ ನುಡಿಸುತ್ತಿದ್ದವರು. ತೆರೆಯ ಮೇಲೆ ಕುದುರೆ ಓಡಿದರೆ ಕೈಯಲ್ಲೇ ಓಡಿಸಬೇಕಾದ ಅನುಭವ ಅವರದು. ಸಂಗೀತವೇ ಮುಂದಾಗಿ ನಡೆಯುವ ಒಂದು ಮಾಲೆ ಮಾಡಿ ಎಂದು ಡಿಸ್ನಿಗೆ ಸಲಹೆ ಕೊಟ್ಟವರೂ ಅವರೇ. ನಾರ್ವೆಯ ಗ್ರೀಗ್ ಬರೆದ ಒಂದು ಕೃತಿಯನ್ನು ಅವರು ಈ ಸ್ಮಶಾನದ ಕುಣಿತಕ್ಕೆ ಎಷ್ಟು ಸಲೀಸಾಗಿ ಹೊಂದಿಸಿದ್ದಾರೆಂದರೆ, ಗ್ರೀಗ್ ಇದಕ್ಕೆಂದೇ ಬರೆದಿರಬೇಕು ಎನಿಸುತ್ತದೆ. ಅದಕ್ಕಾಗಿ ಬರೆದ ಚಿತ್ರಗಳಲ್ಲಿ ಬಹುಪಾಲು ಡಿಸ್ನಿಯ ಕಲಾವಿದ ಅಬ್ ಐವರ್ಕ್ಸ್ ಒಬ್ಬರದೇ ಕೈ.

ನಮ್ಮ ತರಗತಿಯಲ್ಲಿ ಮೃದಂಗ ಕಲಿಯುತ್ತಿದ್ದ ಗೆಳೆಯನಿದ್ದ. ಪಾಠದಲ್ಲಿ ಹಿಂದಿನ ಬೆಂಚು, ಈ ಕೋಣೆಯಲ್ಲಿ ಮುಂದಿನ ಬೆಂಚು. ನಾವೆಲ್ಲ ಪೆಟ್ಟು ಎಲ್ಲಿ ಬೀಳುತ್ತದೆ ಎಂದು ನೋಡುತ್ತಿದ್ದರೆ ಅವನು ಪೆಟ್ಟಿಗೆ ಮೊದಲು ಏನಾಗುತ್ತದೆ ಎಂದು ನೋಡಿದ. ಅಸ್ಥಿಪಂಜರ ಹಾರುವ ಮೊದಲು ಮಂಡಿ ಬಗ್ಗಿಸುತ್ತದೆ. ಆ ಬಗ್ಗುವಿಕೆ ಹಿಂದಿನ ಪೆಟ್ಟಿನಿಂದಲೇ ಶುರುವಾಗಿರುತ್ತದೆ, ತಾಳದ ಮೊದಲ ಪೆಟ್ಟಾದ ಸಮಕ್ಕೆ ಬರುವವನು ಒಂದು ಆವರ್ತ ಮೊದಲೇ ಮನಸ್ಸಿನಲ್ಲಿ ಸಮ ಹಿಡಿದಿರುವ ಹಾಗೆ ಎಂದ. ಮೇಷ್ಟರಿಗೆ ಆಗ ಆದ ಸಂತೋಷ ನನಗೆ ಚೆನ್ನಾಗಿ ನೆನಪಿದೆ. ಆನಿಮೇಷನ್ ಮಾಡುವವರು ಇದನ್ನು ಬಲ್ಲರು. ಚಿತ್ರ ದನಿಗಿಂತ ಒಂದೆರಡು ಫ್ರೇಮು ಮುಂದಿದ್ದರೆ ಕಣ್ಣಿಗೂ ಕಿವಿಗೂ ಸರಿಯಾಗಿ ಕೂಡುತ್ತದೆ, ಹಿಂದುಳಿದರೆ ಇಡೀ ಕುಣಿತ ಸೋತಂತೆ ಕಾಣುತ್ತದೆ.

ಬಣ್ಣದ ಚಿತ್ರಗಳ ಬಗ್ಗೆ ನಮ್ಮಲ್ಲಿ ಜಗಳವಿತ್ತು. 1932ರ ‘ಫ್ಲವರ್ಸ್ ಅಂಡ್ ಟ್ರೀಸ್’ ಮೂರು ಬಣ್ಣದ ಟೆಕ್ನಿಕಲರ್‌ನಲ್ಲಿ ಬಿಡುಗಡೆಯಾದ ಮೊದಲ ಕಾರ್ಟೂನು. ಕಪ್ಪು ಬಿಳುಪಿನಲ್ಲಿ ಆರಂಭಿಸಿದ್ದನ್ನು ಬಿಟ್ಟು ಬಣ್ಣದಲ್ಲಿ ಹೊಸದಾಗಿ ಮಾಡಿದರು. ಕಾರ್ಟೂನ್ ವಿಭಾಗದ ಮೊದಲ ಆಸ್ಕರ್ ಅದಕ್ಕೇ ಸಂದಿತು. ಇತಿಹಾಸಕ್ಕೆ ದೊಡ್ಡ ಚಿತ್ರ, ನಿಜ. ನನಗೆ ಮಾತ್ರ 1937ರ ‘ದಿ ಓಲ್ಡ್ ಮಿಲ್’ ಅದಕ್ಕಿಂತ ಬಹಳ ಮೇಲು. ಕಥೆಯೇ ಇಲ್ಲ. ಪಾಳು ಬಿದ್ದ ಗಾಳಿಗಿರಣಿ, ಅದರಲ್ಲಿ ಗೂಡು ಕಟ್ಟಿದ ಹಕ್ಕಿ, ಬಾವಲಿ, ಗೂಬೆ, ಒಂದು ರಾತ್ರಿಯ ಬಿರುಗಾಳಿ. ಗಾಜಿನ ಹಲವು ಪದರಗಳ ಮೇಲೆ ಚಿತ್ರಗಳನ್ನಿಟ್ಟು ಮೇಲಿನಿಂದ ಚಿತ್ರೀಕರಿಸುವ ಮಲ್ಟಿಪ್ಲೇನ್ ಕ್ಯಾಮೆರಾವನ್ನು ಅದರಲ್ಲಿ ಪರೀಕ್ಷಿಸಿದರು. ಕಪ್ಪೆಗಳ ವಟವಟದಿಂದ ಒಂದು ಮೇಳ ಕಟ್ಟಿ, ಅದನ್ನೇ ಬೆಳೆಸಿ ಬಿರುಗಾಳಿಗೆ ಒಯ್ಯುವ ಲೀ ಹಾರ್ಲೈನ್ ಅವರ ಸಂಗೀತ ಕೇಳಿದರೆ ಮಾತು ಬೇಕೆನಿಸುವುದಿಲ್ಲ.

ನ್ಯೂಯಾರ್ಕಿನ ಫ್ಲೈಶರ್ ಸಹೋದರರದು ಬೇರೆಯೇ ಜಗತ್ತು, ಊರಿನ ಧೂಳೂ ಜಾಸ್ ಸಂಗೀತವೂ ಬೆರೆತದ್ದು. 1932ರ ‘ಮಿನ್ನಿ ದ ಮೂಚರ್’ನಲ್ಲಿ ಮೊದಲು ಗಾಯಕ ಕ್ಯಾಬ್ ಕಾಲೊವೇ ಸ್ವತಃ ತೆರೆಯ ಮೇಲೆ ಬಂದು ವಾದ್ಯವೃಂದದ ಮುಂದೆ ಹೆಜ್ಜೆ ಹಾಕುತ್ತಾರೆ. ಅನಂತರ ಗುಹೆಯಲ್ಲಿ ಒಂದು ವಾಲ್ರಸ್ ಭೂತ ಅದೇ ಹೆಜ್ಜೆಗಳಲ್ಲಿ ಜಾರುತ್ತ ಹಾಡುತ್ತದೆ. ನಟನ ಚಲನೆಯ ಫಿಲ್ಮನ್ನು ಫ್ರೇಮು ಫ್ರೇಮಾಗಿ ಕೆಳಗಿಟ್ಟು ಮೇಲೆ ಚಿತ್ರ ತೆಗೆಯುವ ರೋಟೊಸ್ಕೋಪ್ ಮ್ಯಾಕ್ಸ್ ಫ್ಲೈಶರ್ ಅವರದೇ ಆವಿಷ್ಕಾರ. ಆ ಕಾಲದ ಅನೇಕ ಕಾರ್ಟೂನುಗಳಲ್ಲಿ ಕಪ್ಪು ಜನರನ್ನು ಹೀಯಾಳಿಸುವ ಚಿತ್ರಣವಿದೆ. ಮೇಷ್ಟರು ಅದನ್ನು ಮರೆಮಾಚದೆ ಟೇಪು ನಿಲ್ಲಿಸಿ ಹೇಳುತ್ತಿದ್ದರು. ಯಾರ ಸಂಗೀತದಿಂದ ಈ ಚಿತ್ರಗಳಿಗೆ ಜೀವ ಬಂತೋ ಅವರನ್ನೇ ಹೀಗೆ ಬರೆದದ್ದು ಅನ್ಯಾಯ ಎಂಬುದರಲ್ಲಿ ಅವರಿಗೆ ಎರಡು ಮಾತಿರಲಿಲ್ಲ.

ನಾವು ಮತ್ತೆ ಮತ್ತೆ ಕೇಳಿ ಹಾಕಿಸಿಕೊಂಡದ್ದು ‘ದಿ ಕ್ಯಾಟ್ ಕನ್ಸರ್ಟೊ’, 1947ರ ಆಸ್ಕರ್ ವಿಜೇತ ಟಾಮ್ ಅಂಡ್ ಜೆರ್‍ರಿ. ಟಾಮ್ ಕಪ್ಪು ಕೋಟು ತೊಟ್ಟು ಗಂಭೀರವಾಗಿ ಪಿಯಾನೊ ಮುಂದೆ ಕುಳಿತು ಸಂಗೀತಕಾರ ಲಿಸ್ಟ್ ಅವರ ಎರಡನೆಯ ಹಂಗೇರಿಯನ್ ರ್‍ಯಾಪ್ಸೊಡಿ ನುಡಿಸುತ್ತಾನೆ; ಒಳಗೆ ಸುತ್ತಿಗೆಗಳ ಮೇಲೆ ಜೆರ್‍ರಿ ಮಲಗಿದ್ದಾನೆ. ಜಗಳವೆಲ್ಲ ಸ್ವರದಲ್ಲೇ ನಡೆಯುತ್ತದೆ, ಕಛೇರಿ ನಿಲ್ಲುವುದಿಲ್ಲ. ಸಂಗೀತವನ್ನು ಗೇಲಿ ಮಾಡಿ ನಗಿಸುವುದು ಸುಲಭ. ಇಲ್ಲಿ ಒಂದು ಬೆಕ್ಕು ತನ್ನ ಕಛೇರಿ ಕೆಡದಿರಲಿ ಎಂದು ಪಡುವ ಪಾಡೇ ನಗು ತರಿಸುತ್ತದೆ, ಲಿಸ್ಟ್ ಅವರ ಗೌರವಕ್ಕೆ ಎಲ್ಲೂ ಕುಂದಿಲ್ಲ. ಪಾಶ್ಚಾತ್ಯ ಸಂಗೀತದ ಗಂಧವಿಲ್ಲದ ಮನೆಗಳಿಂದ ಬಂದ ನಾವು ಲಿಸ್ಟ್, ರೊಸ್ಸೀನಿ, ವಾಗ್ನರ್ ಎಂಬ ಹೆಸರುಗಳನ್ನು ಕಲಿತದ್ದು ಬೆಕ್ಕು, ಇಲಿ, ಬಾತುಕೋಳಿ, ಮೊಲಗಳಿಂದ.

ಮೇಷ್ಟರಿಗೆ ಸಿಗದೇ ಹೋದದ್ದು ಕೆನಡಾದಲ್ಲಿ ಆನಿಮೇಷನ್ ಚಿತ್ರ ಮಾಡುತ್ತಿದ್ದ ನಾರ್ಮನ್ ಮೆಕ್‌ಲಾರೆನ್ ಅವರ ಚಿತ್ರಗಳು. ಅವುಗಳ ವಿಷಯ ಓದಿ ತಿಳಿದಿದ್ದರು, ಕರಿಹಲಗೆಯ ಮೇಲೆ ಬರೆದು ವಿವರಿಸಿದ್ದರು. ಕೆಲಸಕ್ಕೆ ಸೇರಿ ಎಷ್ಟೋ ವರ್ಷಗಳಾದ ಮೇಲೆ ನಾನು ಅವನ್ನು ನೋಡಿದೆ. 1949ರ ‘ಬಿಗಾನ್ ಡಲ್ ಕೇರ್’ನಲ್ಲಿ ಮೆಕ್‌ಲಾರೆನ್ ಮತ್ತು ಎವಲಿನ್ ಲ್ಯಾಂಬಾರ್ಟ್ ಕ್ಯಾಮೆರಾವನ್ನೇ ಬಿಟ್ಟು ಫಿಲ್ಮಿನ ಮೇಲೆ ನೇರವಾಗಿ ಬಣ್ಣ ಬಳಿದು, ಗೀರಿ, ಆಸ್ಕರ್ ಪೀಟರ್ಸನ್ ಅವರ ಪಿಯಾನೊಗೆ ಚಿತ್ರ ಕೊಟ್ಟಿದ್ದಾರೆ. ಪಾತ್ರವಿಲ್ಲ, ಬೆಕ್ಕಿಲ್ಲ, ಮೂಳೆಯಿಲ್ಲ, ಬಣ್ಣವೇ ಕುಣಿಯುತ್ತದೆ. ನಿವೃತ್ತರಾಗಿದ್ದ ಮೇಷ್ಟರ ಮನೆಗೆ ಲ್ಯಾಪ್‌ಟಾಪ್ ಒಯ್ದು ತೋರಿಸಿದೆ. ನೋಡಿ ಮುಗಿದ ಕೂಡಲೇ ನಡುವಿನ ಭಾಗವನ್ನು ಇನ್ನೊಮ್ಮೆ ಹಾಕು ಎಂದರು.

ಈಗಿನ ವಿದ್ಯಾರ್ಥಿಗಳಿಗೆ ಯಾರ ವಿಸಿಆರ್ ಕೂಡ ಬೇಕಿಲ್ಲ. ‘ಸ್ಕೆಲಿಟನ್ ಡಾನ್ಸ್’ 2025ರಿಂದ ಅಮೆರಿಕದಲ್ಲಿ ಹಕ್ಕುಸ್ವಾಮ್ಯದಿಂದ ಮುಕ್ತವಾಗಿದೆ. ಮೆಕ್‌ಲಾರೆನ್ ಚಿತ್ರವನ್ನು ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿಯೇ ತನ್ನ ಜಾಲತಾಣದಲ್ಲಿ ಇಟ್ಟಿದೆ. ಅದರ ನಡುವಿನ ಭಾಗ ನಿಧಾನ, ಕಪ್ಪು ತೆರೆಯ ಮೇಲೆ ತೆಳು ಗೆರೆಗಳು ಮಾತ್ರ. ಬೇಸರವಾಯಿತೆಂದು ಅಲ್ಲಿ ಮುಂದಕ್ಕೆ ಓಡಿಸಬೇಡಿ. ಮೇಷ್ಟರು ಮತ್ತೆ ಹಾಕಿಸಿಕೊಂಡದ್ದು ಅದನ್ನೇ.